ಕೆಳಗಿನ ಪೆಟ್ಟಿಗಿ

ಗೊಬ್ಬೂರಿನ ಜಗದೇವಪ್ಪನ ಬಲಗೈಯಾಗ ಎರಡೇ ಬೆರಳು ಉಳದಾವ. ಊರಾಗ ಯಾರನ್ನ ಕೇಳಿದ್ರೂ, 'ಎಪ್ಪತ್ತೊಂದರ ಯುದ್ಧದಾಗ ಹೋದ್ವು ನೋಡ್ರಿ' ಅಂತ ಎದಿ ಉಬ್ಬಿಸಿ ಹೇಳ್ತಾರ. ಬರೀ ಬೊಗಳಿ! ಯುದ್ಧದಾಗ ಅಂವ ಮಂದೀನ ಕೊಂದ, ಉರಿಯೋ ವಿಮಾನದಿಂದ ಜಿಗದು ಬೆನ್ನೆಲುಬು ಮುರಕೊಂಡ, ಆದ್ರ ಕೈಗಿ ಒಂದು ಗೀರು ಸೈತ ಬೀಳಲಿಲ್ಲ. ಬೆರಳು ಹೋಗಿದ್ದು ತೊಂಬತ್ಮೂರರಾಗ, ಹಾಡಹಗಲ, ವೈರಿ ಅನ್ನಾಂವ ಸುತ್ತ ಎಲ್ಲೂ ಇಲ್ಲದ ಜಾಗದಾಗ, ನಮ್ಮವ್ರೇ ನಮಗ ಮಾರಾಕ ತಂದ ಸಾಮಾನಿನಿಂದ. ಆದ್ರ ಈ ಮಾತು ಜೇವರ್ಗಿ ಬಜಾರದಿಂದ ಸುರು ಮಾಡಬೇಕು, ಇಲ್ಲಂದ್ರ ತಿಳಿಯೂದಿಲ್ಲ.

ಜಗದೇವಪ್ಪನ ಅಪ್ಪ ದೌಲತರಾಯಂದು ಜೇವರ್ಗಿಯಾಗ ತೊಗರಿ-ಜೋಳದ ಅಡತಿ ಅಂಗಡಿ. ಅಲ್ಲಿ ಗುಡುಸಾಬ ಅಂತ ಒಬ್ಬ ಹಮಾಲ ಇದ್ದ. ಚೀಲದ ಬಾಯಿ ಬಿಚ್ಚಿ ಮಾಲು ನೋಡೋ ಚಾಳಿ ಅವಗ ಇರಲೇ ಇಲ್ಲ. ಚೂಪು ಮೂತಿಯ ಕಬ್ಬಿಣದ ಕೊಳವಿ ತಗೊಂಡು ಅಟ್ಟಿಯ ಎಲ್ಲಕ್ಕಿಂತ ಕೆಳಗಿನ ಚೀಲದ ಹೊಟ್ಟಿಗೆ ಚುಚ್ಚಾಂವ. ಕೊಳವಿಯಾಗ ಇಳದ ಕಾಳು ಅಂಗೈಮ್ಯಾಲ ಹಾಕ್ಕೊಂಡು ಒಂದನ್ನ ಕಟ್ ಅಂತ ಕಡದು ಹೇಳಾಂವ, 'ಮ್ಯಾಲಿಂದು ತೋರಸಾಕ ಇಟ್ಟಿರ್ತಾರ ತಮ್ಮಾ. ಮಾರಾಕ ಇಟ್ಟದ್ದು ಕೆಳಗ ಇರ್ತದ.'

ಒಮ್ಮಿ ಒಬ್ಬ ದಲಾಲಿ ಮೂವತ್ತು ಚೀಲ ತೊಗರಿ ತಂದಿದ್ದ. ಗುಡುಸಾಬ ಕೆಳಗಿನದಕ್ಕ ಕೊಳವಿ ಹಾಕಿದ ಕೂಡಲೇ ದಲಾಲಿ ತಕ್ಕಡಿಯ ಕಬ್ಬಿಣದ ತೂಕ ಎತ್ತಿ ಅವನ ಹಣಿಗೆ ಹೊಡದ. ಹಣಿ ಒಡೀತು. ರಕ್ತ ಕಣ್ಣಾಗ ಇಳದು ಗಡ್ಡ ತೊಯ್ತು, ಆದ್ರೂ ಅಂವ ಕೊಳವಿ ಬಿಡಲಿಲ್ಲ. ಎಳದು ತಗದು, ಹುಳ ಹಿಡದ ಕಾಳು ಅಂಗೈಯಾಗ ಹಿಡದು 'ನೋಡ್ರಿ ಧಣಿ' ಅಂತ ತೋರಿಸಿಯೇ ಕೆಳಗ ಬಿದ್ದ. ಅವಗ ಸಹಿ ಬರ್ತಿರಲಿಲ್ಲ. ಎಡಗೈ ಹೆಬ್ಬಟ್ಟು ಒತ್ತತಿದ್ದ. ಆ ಹೆಬ್ಬಟ್ಟು ಬಿದ್ದ ಚೀಟಿಗೆ ಇಡೀ ಬಜಾರದಾಗ ಯಾರೂ ತಕರಾರು ತಗೀತಿರಲಿಲ್ಲ. ಹತ್ತು ವರ್ಷದ ಜಗದೇವಪ್ಪ ಇದೆಲ್ಲಾ ಅಲ್ಲೇ ನಿಂತು ನೋಡಿದ್ದ.

ಮುಂದ ಜಗದೇವಪ್ಪ ಗುಲಬರ್ಗಾದಾಗ ಕಾಲೇಜು ಓದಿ ವಾಯುಸೇನಾ ಸೇರಿದ. ಜೋಡಿಗೆ ಆಳಂದದ ಬ್ರಾಹ್ಮಣರ ಹುಡುಗ ನರಸಿಂಹ. ಒಂದೇ ಬೆಂಚು, ಒಂದೇ ರೂಮು, ಕಡಿಗಿ ಒಂದೇ ಸ್ಕ್ವಾಡ್ರನ್ನು. ನರಸಿಂಹ ಚೇಷ್ಟಿ ಮನಶಾ, ಬಾಯಿ ಬಿಟ್ರ ನಗಸತಿದ್ದ. ಅವಗ ಪ್ರಮಿಲಾ ಅಂತ ಹೆಣ್ತಿ, ಹರಿ ಅಂತ ಎರಡು ವರ್ಷದ ಮಗ.

ಎಪ್ಪತ್ತೊಂದರ ಡಿಸೆಂಬರ್. ಸ್ಕ್ವಾಡ್ರನ್ನಿಗೆ ಬಾಂಬಿನ ಫ್ಯೂಜು ಬಂದ್ವು, ಹನ್ನೆರಡು ಪೆಟ್ಟಿಗಿ. ಫ್ಯೂಜು ಅಂದ್ರ ಬಾಂಬಿನ ಮೂತಿಗೆ ಕೂಡಸೋ ಯಂತ್ರ, ಅದಕ್ಕೊಂದು ಸಣ್ಣ ಪಂಖಾ. ಬಾಂಬು ಬೀಳಾಕತ್ತಾಗ ಗಾಳಿಗಿ ಪಂಖಾ ತಿರಗ್ತದ. ಇಂತಿಷ್ಟು ಸುತ್ತು ತಿರಗಿದ ಮ್ಯಾಲೇ ಬಾಂಬು ಸಿಡಿಯಾಕ ತಯಾರಾಗಬೇಕು, ಅಷ್ಟೊತ್ತಿಗೆ ವಿಮಾನ ದೂರ ಹೋಗಿರಬೇಕು. ಆ ವಾರ ಪೆಟ್ಟಿಗಿ ನೋಡಿ ಸಹಿ ಮಾಡೋ ಪಾಳಿ ಜಗದೇವಪ್ಪಂದು. ಮ್ಯಾಲಿನ ಪೆಟ್ಟಿಗಿ ಬಿಚ್ಚಿದ, ಚೊಲೋ ಇತ್ತು. ಕೈ ತಾನಾಗೇ ಕೆಳಗಿನ ಪೆಟ್ಟಿಗಿಗೆ ಹೋತು. ಅಷ್ಟರಾಗ ನರಸಿಂಹ ಬಂದ.

"ಲೇ ಜಗ್ಯಾ, ಇದೇನು ನಿಮ್ಮಪ್ಪನ ಅಡತಿ ಅಂಗಡಿ ಅಂತ ತಿಳದೇನಲೇ? ತಳ ತಗೀಬ್ಯಾಡ, ಬಾ, ಚಹಾ ಕುಡಿಯೂಣು!"

ಸುತ್ತ ನಿಂತ ಆಫೀಸರ್‌ಗಳು ಹೋ ಅಂತ ನಕ್ಕರು. ಜಗದೇವಪ್ಪಗ ಮೋತಿ ಕೆಂಪಾತು. ಯುನಿಫಾರ್ಮ್ ಹಾಕ್ಕೊಂಡು ಹಮಾಲಿ ಕೆಲಸ ಮಾಡಾಕತ್ತೇನಿ ಅಂತ ನಾಚಿಕಿ ಆತು. ಥೂ ಅವನ ನಾಚಿಕಿಗಿ ಬೆಂಕಿ ಹಾಕ! ಸಹಿ ಮಾಡಿ ಚಹಾ ಕುಡ್ಯಾಕ ಹೋದ.

ಮರುದಿನ ಮುಂಜಾನೆ ನಾಕು ವಿಮಾನ ಹೋದ್ವು, ವೈರಿಯ ಲಾರಿ ಸಾಲು ಹೊಡಿಯಾಕ. ಮುಂದ ನರಸಿಂಹ, ಹಿಂದ ಜಗದೇವಪ್ಪ. ನರಸಿಂಹ ಬಾಂಬು ಬಿಟ್ಟ. ಅದು ರೆಕ್ಕಿಯಿಂದ ಕಳಚಿ ನಾಕು ಮಾರು ಇಳದಿತ್ತೋ ಇಲ್ಲೋ, ಅಲ್ಲೇ ಸಿಡೀತು. ರೆಕ್ಕಿ ಒಂದು ಕಡಿ, ಬಾಲ ಒಂದು ಕಡಿ ಹಾರಿದ್ವು. ಗಾಜಿನ ಮುಚ್ಚಳದೊಳಗ ಗೆಳೆಯ ಬೆಂಕಿ ನಡುವ ಎರಡೂ ಕೈಲೆ ಗಾಜು ಬಡಿಯೂದನ್ನ ಜಗದೇವಪ್ಪ ಕಣ್ಣಾರೆ ಕಂಡ. ರೇಡಿಯೋದಾಗ ಒಂದೇ ಸಲ 'ಜಗ್ಯಾ' ಅಂತ ಕೇಳ್ತು. ಆಮ್ಯಾಲ ಏನೂ ಇಲ್ಲ.

ಜಗದೇವಪ್ಪನ ರೆಕ್ಕಿ ಕೆಳಗೂ ಅವೇ ಬಾಂಬು. ಬಿಡಾಕ ಕೈ ಬರಲಿಲ್ಲ. ತಲಿ ಕೆಟ್ಟು ಹೋತು. ವಿಮಾನ ಕೆಳಗ ಇಳಿಸಿ ಅದರ ಬಂದೂಕಿಂದ ಹೊಡದ, ತಿರಗಿ ಬಂದು ಮತ್ತ ಹೊಡದ. ಲಾರಿ ಹೊತ್ತಿದ್ವು. ಮೈಗೆ ಬೆಂಕಿ ಹತ್ತಿದ ಸಿಪಾಯಿಗಳು ಹೊಲದಾಗ ಓಡ್ಯಾಡಿದ್ರು, ಉಳ್ಳಾಡಿದ್ರು, ಅವರ ಮ್ಯಾಲೂ ಹೊಡದ. ಮೂರನೇ ಸಲ ಇಳದಾಗ ಅವರ ತೋಪು ಇವನ ವಿಮಾನಕ್ಕ ಬಡೀತು. ಗಡಿ ದಾಟೂತನಾ ಎಳಕೊಂಡು ಬಂದು ಜಿಗದ. ಬೆನ್ನೆಲುಬು ಮುರೀತು. ಅಲ್ಲಿಗೆ ವಿಮಾನ ಹಾರಸೂದು ಮುಗೀತು.

ದವಾಖಾನಿಗೆ ವಿಚಾರಣಿ ಸಾಹೇಬ ಬಂದು ನರಸಿಂಹ ಹೆಂಗ ಸತ್ತ ಅಂತ ಕೇಳಿದ. ಜಗದೇವಪ್ಪ 'ವೈರಿ ತೋಪಿಂದ' ಅಂದ. ಆಳಂದಕ್ಕ ಹೋಗಿ ಪ್ರಮಿಲಾಗೂ ಅದೇ ಹೇಳಿದ. ಖರೇ ಹೇಳಬೇಕಂದ್ರ ತನ್ನ ಸಹಿ ತೋರಸಬೇಕಿತ್ತು! ಆದ್ರ ನಡಿಯಾಕ ಬಂದ ಮೊದಲನೇ ದಿನ ಕೋಲು ಊರ್ಕೋತ ಸ್ಟೋರಿಗೆ ಹೋಗಿ ಅದೇ ಹನ್ನೆರಡರಾಗಿನ ಕೆಳಗಿನ ಪೆಟ್ಟಿಗಿ ಬಿಚ್ಚಿದ. ಹಳೇ ಫ್ಯೂಜು, ತುಕ್ಕಿನ ಮ್ಯಾಲ ಹೊಸ ಬಣ್ಣ. ಹಸಿ ಹಿಡದಾವ ಅಂತ ಬರದು ಉಳದವನ್ನೆಲ್ಲಾ ನಾಶ ಮಾಡಿಸಿದ. ತನ್ನ ತಪ್ಪನ್ನೂ ಅವುಗಳ ಜೋಡಿ ಮುಚ್ಚಿ ಹಾಕಿದ.

ಆಮ್ಯಾಲ ಇಂಜಿನಿಯರಿಂಗ್ ಕಲತ. ಸೇನಾಕ್ಕ ಕೊಳ್ಳೋ ಬಾಂಬು, ರಾಕೆಟ್ಟು ಪರೀಕ್ಷಾ ಮಾಡೋ ಖಾತಿಗೆ ಸೇರಿದ. ಇಪ್ಪತ್ತು ವರ್ಷ ಅದೇ ಕೆಲಸ. ಯಾವ ಕಂಪನಿ ಮಾಲೇ ಬರ್ಲಿ, ಮ್ಯಾಲಿನ ಪೆಟ್ಟಿಗಿ ಕಣ್ಣೆತ್ತಿ ನೋಡಲಿಲ್ಲ. ಅಟ್ಟಿ ಕೆಡವಿಸಿ ಕೆಳಗಿಂದ ತಗಸತಿದ್ದ. ಕಂಪನಿಯವ್ರು ಹಲ್ಲು ಕಡದ್ರು, ಮ್ಯಾಲಿನವ್ರು ಮೂರು ಬಡ್ತಿ ತಪ್ಪಿಸಿದ್ರು. ಮನ್ಯಾಗ ಹೆಣ್ತಿ ಕಸ್ತೂರಿಬಾಯಿ, "ಬದನಿಕಾಯಿ ಬುಟ್ಟೀನೂ ಬೋರಲ ಹಾಕ್ತಾರವ್ವಾ, ಕಾಯಿಪಲ್ಲೆ ಮಾರಾಕಿ ನಮ್ಮ ಬಾಗಿಲಿಗೆ ಬರೂದೇ ಬಿಟ್ಟಾಳ" ಅಂತ ಬೈತಿದ್ಳು.

ತೊಂಬತ್ಮೂರರಾಗ ಒಂದು ಕಂಪನಿ ನಲವತ್ತು ಪೆಟ್ಟಿಗಿ ಫ್ಯೂಜು ತಂತು. ಮರಳುಗಾಡಿನ ಪರೀಕ್ಷಾ ಮೈದಾನಕ್ಕ ಜಗದೇವಪ್ಪ ಹೋದ. ಅಷ್ಟರಾಗ ಕಂಪನಿಯಂವ ಮ್ಯಾಲಿನ ಪೆಟ್ಟಿಗಿಯಿಂದ ಒಂಬತ್ತು ತಗದು ಪರೀಕ್ಷಾ ಮುಗಿಸಿದ್ದ. ಒಂಬತ್ತೂ ಪಾಸು. ಮರುದಿನ ಮುಂಜಾನೆ ಎಂಟಕ್ಕ ಇವೇ ಫ್ಯೂಜು ಕೂಡಿಸಿ ವಿಮಾನದಿಂದ ಖರೇ ಬಾಂಬು ಹಾಕೂದಿತ್ತು. ಹಾಕಾಂವನ ಹೆಸರು ಜಗದೇವಪ್ಪ ಎರಡು ಸಲ ಓದಿದ. ನರಸಿಂಹನ ಮಗ ಹರಿ.

ಹರಿ ತಾನೇ ಹುಡಿಕ್ಕೊಂಡು ಬಂದ. ಇಪ್ಪತ್ನಾಕು ವರ್ಷದಂವ, ಅಪ್ಪಂದೇ ಮೂಗು, ಅಪ್ಪಂದೇ ನಗು. ಪೆಟ್ಟಿಗಿ ಅಟ್ಟಿ ಕೆಡವಸಾಕತ್ತ ಜಗದೇವಪ್ಪನ್ನ ನೋಡಿ ನಕ್ಕ.

"ಕಾಕಾ, ಇನ್ನೂ ತಳ ತಗೀತೀರೇನ್ರಿ? ಬಿಡ್ರಿ ಸಾಕು. ಬರ್ರಿ, ಚಹಾ ಕುಡಿಯೂಣು."

ಜಗದೇವಪ್ಪ ಪೆಟ್ಟಿಗಿಯಿಂದ ಕೈ ತಗೀಲಿಲ್ಲ. "ನೀ ಹೋಗು ಹರಿ," ಅಂದ, "ಇವತ್ತ ನಾ ಬರೂದಿಲ್ಲ."

ಕೆಳಗಿನ ಪೆಟ್ಟಿಗಿಯಿಂದ ಏಳು ತಗದ. ಸಹಾಯಕ್ಕ ಬೀದರ ಕಡಿಯ ಸಾರ್ಜೆಂಟ್ ಶರಫುದ್ದೀನ. ದಪ್ಪ ಗ್ವಾಡಿ ಹಿಂದ ನಿಂತು, ಆ ಕಡಿ ಇಟ್ಟ ಫ್ಯೂಜಿಗೆ ಕೊಳವಿಯಿಂದ ಗಾಳಿ ಬಿಟ್ಟು ಪಂಖಾ ತಿರಗಸೂದು ಪರೀಕ್ಷಾ. ಆರು ಸರಿಯಾಗಿ ತಿರಗಿದ್ವು. ಏಳನೇದರ ಪಂಖಾ ಅಲಗಾಡಲಿಲ್ಲ.

ಕಂಪನಿಯಂವ ಚಪ್ಪಾಳಿ ತಟ್ಟಿದ. "ತಿರಗಲಿಲ್ಲ ಅಂದ್ರ ಸಿಡಿಯೂದೂ ಇಲ್ಲ ಸಾಹೇಬ್ರ, ಅದರಿಂದ ಯಾರಿಗೂ ಧೋಕಾ ಇಲ್ಲ. ಪಾಸು ಅಂತ ಬರೀರಿ."

ದಿಲ್ಲಿಯಿಂದ ದೊಡ್ಡ ಸಾಹೇಬನ ಫೋನೂ ಬಂತು: ಸಂಜಿ ನಾಕರ ಒಳಗ ಕಾಗದಾ ಮುಗೀಬೇಕು, ಇಲ್ಲಂದ್ರ ಮೈದಾನದ ಮುಖ್ಯಸ್ಥನೇ ಸಹಿ ಮಾಡ್ತಾನ. ಮುಖ್ಯಸ್ಥ ಕಂಪನಿಯವನ ಜೋಡಿ ಆಗಲೇ ಊಟಕ್ಕ ಕುಂತಿದ್ದ.

ತಿರಗದ ಫ್ಯೂಜು ಮುಟ್ಟಬೇಕಂದ್ರ ಅರ್ಧ ತಾಸು ಕಾಯಬೇಕು. ಜಗದೇವಪ್ಪ ಕಾದ. ಆಮ್ಯಾಲ ಮುಂದ ಬಂದ ಶರಫುದ್ದೀನನ ತೋಳು ಹಿಡದು ಹಿಂದ ನೂಕಿದ. "ಗ್ವಾಡಿ ಹಿಂದ ನಿಂದ್ರಲೇ. ಇದು ನನ್ನ ಕೆಲಸ." ಹೋಗಿ ಫ್ಯೂಜು ಎತ್ತಿ ಬುಡದ ಬಣ್ಣ ಉಗರಿಂದ ಕೆರದ. ಕೆಳಗ ಹಳೇ ಅಚ್ಚು ಕಂಡ್ತು: ಎಪ್ಪತ್ತರ ಇಸವಿ. 'ಸಿಕ್ಕ್ಯಲ್ಲಾ ಮಗನ' ಅಂದ. ಅಷ್ಟರಾಗ ಕೈಯಾಗೇ ಸಿಡೀತು.

ಹೆಬ್ಬಟ್ಟು ಮತ್ತ ಎರಡು ಬೆರಳು ಎಲ್ಲಿ ಹೋದ್ವೋ ಯಾರಿಗೂ ಸಿಗಲಿಲ್ಲ. ಅಂಗೈ ಹರದು ಎಲುಬು ಬೆಳ್ಳಗ ಕಾಣಾಕತ್ತಿತ್ತು. ಕಬ್ಬಿಣದ ಚೂರು ಗಲ್ಲದಾಗ, ಎದಿಯಾಗ ನಟ್ಟಿದ್ವು. ಶರಫುದ್ದೀನ ಓಡಿ ಬಂದು ತನ್ನ ಬೆಲ್ಟ್ ಬಿಚ್ಚಿ ತೋಳಿಗೆ ಬಿಗದ. ಗ್ವಾಡಿಗೆಲ್ಲಾ ರಕ್ತ ಸಿಡದಿತ್ತು. ಪಂಖಾ ಒಂದು ಸುತ್ತೂ ತಿರಗದ ಫ್ಯೂಜು ಪೆಟ್ಟಿಗಿಯಾಗೇ ತಯಾರಾಗಿ ಕುಂತಿತ್ತು. ಅದು ಹರಿಯ ರೆಕ್ಕಿ ಕೆಳಗ ಹೋಗಿದ್ರ? ಅವನ ಅಪ್ಪನ ಕತಿಯೇ ಮತ್ತ!

ಮೈದಾನದ ದವಾಖಾನಿಯಾಗ ಡಾಕ್ಟರು ಎಚ್ಚರ ತಪ್ಪಿಸೋ ಸೂಜಿ ಹಿಡದು ನಿಂತ. ಮಗ್ಗಲದಾಗ ಮುಖ್ಯಸ್ಥ, ಅವನ ಹಿಂದ ಕಂಪನಿಯಂವ.

"ಪಾಪ, ಕೈ ತಪ್ಪಿ ಆದ ಅಪಘಾತ," ಅಂದ ಮುಖ್ಯಸ್ಥ. "ನೀವು ಮಲಕ್ಕೋರಿ. ಉಳದ ಕಾಗದಾ ನಾ ನೋಡ್ಕೋತೇನಿ."

ಜಗದೇವಪ್ಪಗ ಎಲ್ಲಾ ತಿಳೀತು. ತಾ ಕಣ್ಣು ಮುಚ್ಚಿದ್ರ ಇಂವ ಸಹಿ ಮಾಡ್ತಾನ, ಮುಂಜಾನೆ ಎಂಟಕ್ಕ ಹರಿ ಸಾಯ್ತಾನ. ಎಡಗೈಲೆ ಡಾಕ್ಟರನ ಸೂಜಿ ಬಡದು ಕೆಡವಿದ. "ಮೊದಲ ಕಾಗದಾ ತರ್ರಿ!" ಅಂತ ಒದರಿದ. ನೋವಿಗಿ ತುಟಿ ಕಡದು ಬಾಯಿತುಂಬ ರಕ್ತ ಆಗಿತ್ತು. ಶರಫುದ್ದೀನ ಕಾಗದಾ ತಂದ. ಜಗದೇವಪ್ಪ ಹೇಳಿದಂಗ ಬರದ: 'ನಲವತ್ತೂ ಪೆಟ್ಟಿಗಿ ತಿರಸ್ಕಾರ. ಬಾಂಬು ಹಾಕೂದು ರದ್ದು.'

"ಸಹಿ ಮಾಡೋ ಕೈ ಎಲ್ಲದ ನಿಮಗ?" ಅಂದ ಕಂಪನಿಯಂವ.

"ಶಾಯಿ ಪ್ಯಾಡ್ ತಾರಲೇ ಶರಫುದ್ದೀನ."

"ಆಫೀಸರ್ ಆಗಿ ಹೆಬ್ಬಟ್ಟು ಒತ್ತತೀರೇನು? ನಡಿಯೂದಿಲ್ಲ ಅದು," ಅಂದ ಮುಖ್ಯಸ್ಥ.

"ಜೇವರ್ಗಿ ಬಜಾರದಾಗ ನಡೀತಿತ್ತು. ಇಲ್ಲಿ ಹೆಂಗ ನಡಿಯೂದಿಲ್ಲೋ ನೋಡ್ತೇನಿ!" ಅಂತ ಜಗದೇವಪ್ಪ ಎಡಗೈ ಹೆಬ್ಬಟ್ಟು ಒತ್ತಿದ. ಶಾಯಿ ಎಷ್ಟು, ರಕ್ತ ಎಷ್ಟು ಗೊತ್ತಾಗಲಿಲ್ಲ. ಸಾಕ್ಷಿಗೆ ಶರಫುದ್ದೀನ ಸಹಿ ಮಾಡಿದ. ಡಾಕ್ಟರು ಒಂದು ಗಳಿಗಿ ಮುಖ್ಯಸ್ಥನ ಮೋತಿ ನೋಡಿ, ಹರದ ಆ ಕೈ ನೋಡಿ, ತಾನೂ ಮಾಡಿದ. ಅದರ ನಕಲು ನೇರ ಹರಿಯ ಸ್ಕ್ವಾಡ್ರನ್ನಿಗೆ ಹೋತು ಅಂತ ತಿಳದ ಮ್ಯಾಲೇ ಜಗದೇವಪ್ಪ ಸೂಜಿಗೆ ತೋಳು ಚಾಚಿದ. ಮುಂದಿನ ವಾರ ದೂರ ನಿಂತು ಉಳದವನ್ನ ಪರೀಕ್ಷಾ ಮಾಡಿದ್ರು. ಕೆಳಗಿನ ಪೆಟ್ಟಿಗಿಯವು ಹದಿನಾಲ್ಕು ಪಂಖಾ ತಿರಗೂ ಮೊದಲೇ ಸಿಡದ್ವು.

ಮೂರು ತಿಂಗಳಾದ ಮ್ಯಾಲ ಪ್ರಮಿಲಾ ಹೇಳಿ ಕಳಸಿದ್ಳು, 'ಅಣ್ಣಾವ್ರು ಒಮ್ಮೆ ಊಟಕ್ಕ ಬರಬೇಕು' ಅಂತ. ಹರಿ ರಜಾಕ್ಕ ಬಂದಿದ್ದ. ಆಳಂದದ ಮನ್ಯಾಗ ಊಟಕ್ಕ ಕಟ್ಟಿಗಿ ಮಣಿ ಹಾಕಿ ಕೂಡಿಸಿದ್ಳು. ಗ್ವಾಡಿ ಮ್ಯಾಲ ನರಸಿಂಹನ ಫೋಟೋ, ಅದೇ ನಗು. ಪ್ರಮಿಲಾ ಸೆರಗಿಲೆ ಕಣ್ಣು ಒರಸ್ಕೊಂಡು, "ನನ್ನ ಮಗನ್ನ ಉಳಿಸಿಕೊಟ್ರಿ ಅಣ್ಣಾ. ಅವರಿದ್ರ ನಿಮ್ಮ ಕಾಲು ಹಿಡೀತಿದ್ರು," ಅಂದ್ಳು.

ಇಪ್ಪತ್ತೆರಡು ವರ್ಷ ನುಂಗಿದ ಮಾತು ಜಗದೇವಪ್ಪಗ ಇನ್ನು ನುಂಗಾಕ ಆಗಲಿಲ್ಲ. ಹೇಳಿದ. ವೈರಿ ತೋಪು ಸುಳ್ಳು, ಬಾಂಬು ನಮ್ದೇ, ಪೆಟ್ಟಿಗಿ ಪಾಸು ಮಾಡಿದ ಸಹಿ ನಂದು ಅಂತ ಎಲ್ಲಾ ಹೇಳಿದ.

ಪ್ರಮಿಲಾ ಕೇಳಿದ್ಳು, "ಕೆಳಗಿಂದು ನೋಡಬೇಕು ಅಂತ ನಿಮಗ ಗೊತ್ತಿತ್ತಲ್ಲ? ಯಾಕ ನೋಡಲಿಲ್ಲ?"

ಜಗದೇವಪ್ಪ ಫೋಟೋ ಕಡಿ ನೋಡಿದ. ಚಹಾಕ್ಕ ಕರದಾಂವ, ನಗ್ಯಾಡಿದಾಂವ ಅಲ್ಲೇ ಇದ್ದ. ಹೆಸರು ನಾಲಗಿ ತುದಿತನಾ ಬಂತು.

"ಹಮಾಲಿ ಕೆಲಸ ಅಂತ ನಾಚಿಕಿ ಆತವ್ವಾ," ಅಂದ. "ತಪ್ಪು ನನ್ನೊಬ್ಬಂದೇ."

ಪ್ರಮಿಲಾ ಎದ್ದು ಬಂದು ಅವನ ಕಪಾಳಕ್ಕ ಹೊಡದ್ಳು. ಉಗರು ತಾಗಿ ಗಲ್ಲ ಹರೀತು. ಇನ್ನೊಂದು ಹೊಡದ್ಳು. ಹರಿ ಗಾಬರಿಯಾಗಿ ಎದ್ದ. "ಕೂಡು ನೀ," ಅಂದ್ಳು ಮಗನಿಗೆ. ಒಳಗ ಹೋದ್ಳು. ತಿರಗಿ ಬಂದಾಗ ಕೈಯಾಗ ತಾಟು. ಬೆರಳಿಲ್ಲದ ಕೈಗೆ ರೊಟ್ಟಿ ಮುರಿಯಾಕ ಬರೂದಿಲ್ಲ ಅಂತ ತಾನೇ ಮುರದು ಹಾಲಾಗ ಕಲಸಿ, ಚಮಚ ಎಡಕ್ಕ ಇಟ್ಟು ತಂದಿದ್ಳು.

"ನನ್ನ ಮಗನ್ನ ಉಳಿಸೀರಿ, ಉಂಡು ಹೋಗ್ರಿ," ಅಂದ್ಳು. "ನನ್ನ ಗಂಡನ್ನ ಕೊಂದೀರಿ, ಮತ್ತ ಈ ಹೊಸ್ತಿಲಾ ತುಳೀಬ್ಯಾಡ್ರಿ."

ಜಗದೇವಪ್ಪ ಗಲ್ಲದ ರಕ್ತ ಒರಸ್ಕೊಳ್ಳದೇ, ಎಡಗೈಲೆ, ತಾಟಿನ ತಳ ಕಾಣೂತನಾ ಉಂಡ. ನೀರು ಕುಡದು ಎದ್ದು ಫೋಟೋಕ್ಕ ಕೈ ಮುಗದು ಹೋದ. ಮತ್ತ ಆಳಂದಕ್ಕ ಕಾಲಿಡಲಿಲ್ಲ.