ಪುಟ್ಟತಾಯಮ್ಮನ ಕೂಗು

"ದಂಟೂ... ಕಿಲ್ಕೀರೇ... ಹೊನಗೊನ್ನೇ ಸೊಪ್ಪೂ..."

ಕೂಗು ಕೇಳಿ ಭಾನುಪ್ರಿಯಾ ಬಸ್ಸಿನ ಕಿಟಕಿಯಾಚೆ ನೋಡಿದಳು. ರಸ್ತೆಯಲ್ಲಿ ಎಲ್ಲೂ ಸೊಪ್ಪಿನ ಬುಟ್ಟಿ ಇರಲಿಲ್ಲ. ಕೂಗು ಬಂದದ್ದು ಮುಂದಿನ ಸೀಟಿನ ಹೆಂಗಸಿನ ಮೊಬೈಲಿನಿಂದ. ಆಕೆ ಪಕ್ಕದವಳ ಕಡೆ ವಾಲಿ, "ನಮ್ಮ ಬೀದಿಗೆ ಬರೋ ಪುಟ್ಟತಾಯಮ್ಮ ಕಣೇ ಇದು. ಮುಖ ಮರೆ ಮಾಡಿದ್ರೇನು, ಈ ಕೂಗು ಇನ್ಯಾರ್ದು?" ಎಂದಳು.

ಆ ವಿಡಿಯೋ ಭಾನುವಿನದೇ.

ಮೈಸೂರಿನ ಅಗ್ರಹಾರದಲ್ಲಿರುವ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಅವಳು ಮುಂದಿನ ಕೌಂಟರಿನಲ್ಲಿ ಕೂರುತ್ತಾಳೆ. ಅವಳ ತಾಯಿ ಪುಟ್ಟಲಿಂಗಮ್ಮನೂ ಪುಟ್ಟತಾಯಮ್ಮನೂ ಜೊತೆಯಾಗಿ ಸೊಪ್ಪು ಮಾರಿದವರು. ಮಂಡಿನೋವು ಬಂದು ತಾಯಿ ಮನೆ ಹಿಡಿದಳು. ಪುಟ್ಟತಾಯಮ್ಮ ಬುಟ್ಟಿ ಇಳಿಸಲಿಲ್ಲ. ಕೂಸಾಗಿದ್ದಾಗ ಭಾನು ಮಲಗುತ್ತಿದ್ದುದು ಆ ಎರಡು ಬುಟ್ಟಿಗಳ ನಡುವೆ, ಒದ್ದೆ ಗೋಣಿಯ ತಂಪಿನಲ್ಲಿ. ಬೆಳಗಾಗುತ್ತಿದ್ದುದು ಆ ಕೂಗಿಗೆ.

ಇದೇ ಪುಟ್ಟತಾಯಮ್ಮ ಒಂದು ದಿನ ಉರಿಮೂತ್ರವೆಂದು ಲ್ಯಾಬಿಗೆ ಬಂದಳು. ಎಲ್ಲರಿಗೂ ಹೇಳುವಂತೆ ಭಾನು, ನೀರು ಚೆನ್ನಾಗಿ ಕುಡೀಬೇಕು ದೊಡ್ಡವ್ವ ಎಂದಳು.

"ಕುಡುದ್ಬುಟ್ಟು ಎಲ್ಲಿಗ್ ಓಗ್ಲಿ ಕಣವ್ವ?" ಎಂದಳು ಪುಟ್ಟತಾಯಮ್ಮ.

ಆ ಪ್ರಶ್ನೆ ಭಾನುವನ್ನು ಬಿಡಲಿಲ್ಲ. ಹೆಂಗಸರಿಗೆಂದು, ಅವಳು ಸೊಪ್ಪು ಮಾರುವ ಬೀದಿಗಳ ಹತ್ತಿರದಲ್ಲೇ ಕಟ್ಟಿದ್ದ ಶೌಚಾಲಯ ಬಾಗಿಲು ತೆರೆದದ್ದನ್ನು ಕಂಡವರಿಲ್ಲ. ಭಾನು ಅದರ ಬೀಗದ ಫೋಟೋ ತೆಗೆದು, 'ಬುಟ್ಟಿ ಹೊತ್ತವರು' ಎಂದು ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ ಮಾಡಿ ಹಾಕತೊಡಗಿದಳು. ನೋಡುತ್ತಿದ್ದವರು ವ್ಯಾಪಾರದ ಹೆಂಗಸರ ಮಕ್ಕಳು, ಅವರ ಗೆಳೆಯರು, ಅಷ್ಟೆ. ಬೀಗಕ್ಕೆ ತುಕ್ಕು ಏರುತ್ತಿತ್ತು. ಕೊನೆಗೆ ಧೈರ್ಯ ಮಾಡಿ ಒಂಟಿಕೊಪ್ಪಲಿನ ಮಾಲವಿಕಾಗೆ ಬರೆದಳು. ಮಾಲವಿಕಾ ಮನೆಗಳ ನಕ್ಷೆ ಮಾಡುವವಳು. ಅಗ್ರಹಾರದ ಹಳೆಯ ಜಗುಲಿ, ಕಂಬ, ಬಾಗಿಲುಗಳನ್ನು ತೋರಿಸುವ ಅವಳ ಪುಟವನ್ನು ಊರೆಲ್ಲ ನೋಡುತ್ತದೆ. ಅವಳು ತಕ್ಷಣ ಒಪ್ಪಿದಳು. ಪುಟ್ಟತಾಯಮ್ಮ ತನ್ನ ಪಾಡು ಹೇಳುವ ವಿಡಿಯೋ ಮಾಡಿ, ಅದನ್ನು ಮಾಲವಿಕಾಳ ಪುಟದಿಂದ ಹಾಕಿ, ಭಾನುವಿನ ಪುಟವನ್ನೂ ಜೊತೆಗೆ ಸೇರಿಸಿಕೊಳ್ಳುವುದೆಂದಾಯಿತು.

ಪುಟ್ಟತಾಯಮ್ಮ ಕೇಳಿದ್ದು ಒಂದೇ. "ನನ್ ಮೊಕ ಕಾಣ್ಬಾರ್ದು ಕಣವ್ವ. ಸೊಸೆ ಮುಂದೆ ತಲೆ ಎತ್ಕಂಡ್ ಓಡಾಡ್ಬೇಕು ನಾನು." ಭಾನು ಅವಳ ಕೈ ಹಿಡಿದು ಮಾತು ಕೊಟ್ಟಳು. ಆಮೇಲೆ ಪುಟ್ಟತಾಯಮ್ಮ ಮೊಬೈಲಿನ ಮುಂದೆ ಕೂತು, ಯಾರಿಗೂ ಹೇಳದಿದ್ದುದನ್ನು ಹೇಳಿದಳು: ತಡೆದುಕೊಳ್ಳಲಾಗದೆ, ಬುಟ್ಟಿ ತಲೆಯ ಮೇಲಿರುವಾಗಲೇ ಸೀರೆ ಒದ್ದೆಯಾದದ್ದನ್ನು. ಸೊಪ್ಪಿಗೆ ಚಿಮುಕಿಸುವ ನೀರನ್ನೆಲ್ಲ ಮೈಮೇಲೆ ಸುರಿದುಕೊಂಡು, ಕೈಜಾರಿ ಚೆಲ್ಲಿಹೋಯಿತೆಂದು ನಕ್ಕದ್ದನ್ನು.

ಮುಖ ಮಸುಕು ಮಾಡಿದರು. ಹೆಸರು ಹಾಕಲಿಲ್ಲ. ವಿಡಿಯೋದ ಮೊದಲಿಗೆ ಏನಾದರೂ ಸದ್ದು ಇದ್ದರೆ ಚೆಂದ ಎಂದು ಮಾಲವಿಕಾ ಅಂದಾಗ, ಕೂಗನ್ನು ರೆಕಾರ್ಡ್ ಮಾಡಿ ಕಳಿಸಿದವಳು ಭಾನುವೇ. ಮಾಲವಿಕಾಗೆ ಅದು ಹಳೇ ಮೈಸೂರಿನ ಒಂದು ಇಂಪು. ಭಾನುವಿಗೋ ಅದು ತೊಟ್ಟಿಲಿನಿಂದ ಕೇಳಿದ್ದು. ಗಾಳಿ ಬೆಳಕಿನಂತೆ ತನ್ನ ಪಾಡಿಗೆ ಇರುವಂಥದ್ದು. ಅದು ಒಬ್ಬಳ ಗುರುತು ಎಂಬುದೇ ಅವಳಿಗೆ ಹೊಳೆದಿರಲಿಲ್ಲ.

ಭಾನು ಅಗ್ರಹಾರದಲ್ಲಿ ಬಸ್ಸಿಳಿದಾಗ ಮಾಲವಿಕಾ ಕಾಫಿ ಅಂಗಡಿಯ ಮುಂದೆ ನಿಂತಿದ್ದಳು. ಹನ್ನೊಂದಕ್ಕೆ ಪಾಲಿಕೆಯ ಅಧಿಕಾರಿಯೊಬ್ಬರು ಶೌಚಾಲಯದ ವಿಚಾರವಾಗಿ ಇಬ್ಬರನ್ನೂ ಮಾತಿಗೆ ಕರೆದಿದ್ದರು. ಭಾನು ಬಸ್ಸಿನಲ್ಲಿ ಕೇಳಿದ್ದನ್ನು ಹೇಳಿ, ವಿಡಿಯೋ ಈಗಲೇ ತೆಗೆಯಿರಿ ಎಂದಳು. ಹಾಕಿದ್ದು ಮಾಲವಿಕಾಳ ಪುಟದಿಂದ. ಅಳಿಸುವುದು ಅವಳ ಕೈಯಲ್ಲಿತ್ತು.

"ಅವ್ರು ಕರೆದಿರೋದೇ ಆ ವಿಡಿಯೋ ನೋಡಿ ಭಾನು. ಈಗ ತೆಗೆದ್ರೆ ಸುಳ್ಳು ವಿಡಿಯೋ ಅಂತಾರೆ. ಬೀಗ ಹಾಗೇ ಇರುತ್ತೆ. ಮೀಟಿಂಗ್ ಮುಗಿಯೋವರೆಗೆ ತಡೀರಿ."

"ಮುಖ ಕಾಣಲ್ಲ ಅಂತ ಮಾತು ಕೊಟ್ಟಿದ್ದೆ ಮೇಡಂ."

"ಕಾಣ್ತಾ ಇಲ್ವಲ್ಲ?"

"ಈ ಬೀದೀಲಿ ಯಾರೂ ಅವ್ರ ಮುಖ ನೋಡಿ ಬಾಗಿಲು ತೆಗೆಯಲ್ಲ. ಕೂಗು ಕೇಳಿ ತೆಗೀತಾರೆ."

ಮಾಲವಿಕಾ ಲೋಟ ಕೆಳಗಿಟ್ಟಳು. ಕೂಗಿರುವ ಭಾಗ ಕತ್ತರಿಸಿ ಮತ್ತೆ ಹಾಕಬಹುದೇ ಎಂದು ತಾನೇ ಕೇಳಿ, ಬೇರೆ ಪುಟಗಳವರು ಆಗಲೇ ಎತ್ತಿಕೊಂಡಿದ್ದಾರೆ ಎಂದು ತಾನೇ ಉತ್ತರಿಸಿಕೊಂಡಳು. ಭಾನು ಮೊಬೈಲ್ ತೆರೆದಳು. ಅಯ್ಯೋ ಪಾಪ ಎಂದು ಕಾಮೆಂಟ್ ಹಾಕಿದವರ ಕೆಳಗೆ ನಗುವ ಇಮೋಜಿಗಳ ಸಾಲು. ಅದರ ಕೆಳಗೆ ಯಾರೋ ಕೇಳಿದ್ದರು: ಇದು ನಮ್ಮ ಸೊಪ್ಪಿನ ಅಜ್ಜಿ ಅಲ್ವಾ? ಪುಟ್ಟತಾಯಮ್ಮನ ಹತ್ತಿರ ಇಂಥ ಮೊಬೈಲ್ ಇಲ್ಲ. ಸೊಸೆಯ ಹತ್ತಿರ ಇದೆ. ಈ ಬೀದಿಯ ಮನೆಮನೆಯಲ್ಲೂ ಇದೆ. ಸೊಪ್ಪು ಕೊಳ್ಳುತ್ತ, ನೋಡು ಅಜ್ಜಿ ಎಂದು ಯಾರು ಬೇಕಾದರೂ ಅವಳ ಮುಂದೆ ಹಿಡಿಯಬಹುದು.

ಅಷ್ಟರಲ್ಲಿ ಪಕ್ಕದ ಗಲ್ಲಿಯಿಂದ ಕೂಗು ಬಂತು. ಈ ಸಲ ಮೊಬೈಲಿನದಲ್ಲ.

"ದಂಟೂ... ಕಿಲ್ಕೀರೇ..."

ಭಾನು ಮೂರನೆಯದಕ್ಕೆ ಕಾದಳು. ಹೊನಗೊನ್ನೆ ಬರಲಿಲ್ಲ. ಯಾರೋ ಕರೆದು ಬುಟ್ಟಿ ಇಳಿಸಿಕೊಂಡಿರಬಹುದು. ಸುಮ್ಮನೆ ಸೊಪ್ಪು ಕೇಳಲಿಕ್ಕೇ ಇರಬಹುದು.

"ನಾನೂ ಬಂದು ಅವ್ರ ಹತ್ರ ಕ್ಷಮೆ ಕೇಳ್ತೀನಿ ಭಾನು, ಸಂಜೆ ಇಬ್ರೂ ಒಟ್ಟಿಗೆ ಹೋಗೋಣ. ಈಗ ಮಾತ್ರ ನೀವು ಆಫೀಸಿಗೆ ಬರ್ಲೇಬೇಕು. ನೀವಿಲ್ದೇ ನಾನೊಬ್ಳೇ ಅಲ್ಲಿ ಏನಂತ..." ಮಾಲವಿಕಾ ಇನ್ನೂ ಹೇಳುತ್ತಲೇ ಇದ್ದಳು. ಭಾನು ಆಗಲೇ ಗಲ್ಲಿಗೆ ತಿರುಗಿ, ತೆರೆದ ಬಾಗಿಲು ಯಾವುದೆಂದು ಹುಡುಕುತ್ತ ಬಿರಬಿರನೆ ನಡೆಯುತ್ತಿದ್ದಳು.