ರೀ ಎಂಬ ಹೆಸರಿನವನು

ಫೋಟೋ ತೆಗೆಸಿಕೊಳ್ಳುವಾಗ ಕೈಗಳನ್ನು ಎಲ್ಲಿಡಬೇಕೆಂಬುದು ಅರವತ್ತು ದಾಟಿದರೂ ನನಗೆ ಬಗೆಹರಿಯದ ಸಮಸ್ಯೆ. ಬೆನ್ನ ಹಿಂದೆ ಕಟ್ಟಿದರೆ ಶಾಲಾ ತನಿಖೆಗೆ ಬಂದ ಇನ್‌ಸ್ಪೆಕ್ಟರರಂತೆ, ಎದೆಯ ಮೇಲೆ ಕಟ್ಟಿದರೆ ಅವರಿಗೆ ಹೆದರಿ ಕೂತ ವಿದ್ಯಾರ್ಥಿಯಂತೆ, ಜೇಬಿಗೆ ತುರುಕಿದರೆ ಚಿಲ್ಲರೆ ಹುಡುಕುವ ಬಸ್ ಪ್ರಯಾಣಿಕನಂತೆ ಕಾಣುತ್ತೇನೆ. ಪಕ್ಕದವರ ಹೆಗಲ ಮೇಲೂ ಒಂದು ಕೈಯನ್ನು ಇಡಬಹುದೆಂಬ ಸರಳ ಪರಿಹಾರ ಮಾತ್ರ ಎಂದೂ ಹೊಳೆದಿರಲಿಲ್ಲ. ಇದೊಂದು ನಿರುಪದ್ರವಿ ದೌರ್ಬಲ್ಯವೆಂದೇ ನಂಬಿದ್ದೆ, ನನ್ನ ಪ್ರೇಮವನ್ನು ಬ್ರಿಟಿಷ್ ಸರ್ಕಾರದ ಮುಂದೆ ಸಾಬೀತುಪಡಿಸುವ ಪ್ರಸಂಗ ಬರುವವರೆಗೆ.

ನಾನು ಹುಬ್ಬಳ್ಳಿಯ ಕಡೆಯವನು. ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್‌ನಲ್ಲಿ ಮನೆ. ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯನಾಗಿದ್ದು ನಿವೃತ್ತನಾಗಿದ್ದೇನೆ. ಜನರನ್ನು ಮಲಗಿಸುವುದೇ ನನ್ನ ಉದ್ಯೋಗವಾಗಿತ್ತು. ಔಷಧದ ನೆರವಿಲ್ಲದೆ, ಕೇವಲ ಮಾತಿನಿಂದಲೇ ಆ ಕಾರ್ಯವನ್ನು ಸಾಧಿಸಬಲ್ಲೆನೆಂದು ಮಗಳು ಮೇಘಾ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ಹೆಂಡತಿ ಶೈಲಾ ತೀರಿಕೊಂಡ ಕೆಲವು ವರ್ಷಗಳ ಮೇಲೆ, ವಾಕಿಂಗ್ ಗುಂಪೊಂದರ ಜೊತೆ ಟರ್ಕಿಯ ಇಜ್ಮಿರ್‌ಗೆ ಹೋಗಿದ್ದೆ. ಅಲ್ಲಿನ ಸಂತೆಯಲ್ಲಿ ರಾಶಿ ಹಾಕಿದ್ದ ಸೊಪ್ಪನ್ನು ಕಂಡು, ಸುತ್ತಲಿನವರ ಪರಿವೆಯಿಲ್ಲದೆ, "ಅರೇ, ಗೋಣಿ ಸೊಪ್ಪು!" ಎಂದು ಕೂಗಿಬಿಟ್ಟೆ. ಪಕ್ಕದಲ್ಲಿದ್ದ ಮಹಿಳೆಯೊಬ್ಬರು ತಿರುಗಿ, ಅದರ ಲ್ಯಾಟಿನ್ ನಾಮಧೇಯವನ್ನು ಉಚ್ಚರಿಸಿ, ನಾನು ಹೇಳಿದ್ದನ್ನು ಮತ್ತೊಮ್ಮೆ ಹೇಳಲು ಆಜ್ಞಾಪಿಸಿದರು. ಅವರು ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ವಿಧವೆ, ಹೆಸರು ಐಸೆಲ್. ಆ ಬಹುವಚನದಿಂದ ಏಕವಚನಕ್ಕೆ ಇಳಿಯಲು ನನಗೆ ಒಂದು ವರ್ಷ ಹಿಡಿಯಿತು. ಸಂಸ್ಕೃತದಲ್ಲಾದರೆ ದ್ವಿವಚನವೆಂಬುದೊಂದಿದೆ, ನಮಗೆ ಅದೇ ಹೆಚ್ಚು ಹೊಂದುತ್ತಿತ್ತು.

ನಾನು ಅಲ್ಲಿಗೆ, ಅವಳು ಇಲ್ಲಿಗೆ ಹೋಗಿ ಬಂದು ಮಾಡುತ್ತಲೇ ವರ್ಷಗಳು ಕಳೆದವು. ಕೊನೆಗೆ ಏರ್‌ಪೋರ್ಟುಗಳಲ್ಲಿ ಕಣ್ಣೊರೆಸಿಕೊಳ್ಳುವುದು ಇಬ್ಬರಿಗೂ ಸಾಕಾಗಿ, ಮದುವೆಯಾಗದ ಸಂಗಾತಿಯ ವೀಸಾಕ್ಕೆ ಅರ್ಜಿ ಹಾಕಲು ಹೊರಟೆವು. ನಮ್ಮ ಸಂಬಂಧ ದಾಂಪತ್ಯದಷ್ಟೇ ಗಟ್ಟಿಯಾದದ್ದೆಂದು ಫೋಟೋ, ಸಾಕ್ಷಿಪತ್ರಗಳ ಮೂಲಕ ತೋರಿಸಬೇಕಂತೆ. ಸಾಲ್ಫರ್ಡಿನಲ್ಲಿ ಟಿವಿ ಕಾರ್ಯಕ್ರಮಗಳ ಎಡಿಟರ್ ಆಗಿರುವ ಮೇಘಾಳ ಸಹಾಯ ಕೇಳಿದೆ. ಐಸೆಲ್‌ಳನ್ನು ಅವಳು ಅಲ್ಲಿಯವರೆಗೂ 'ನಿಮ್ಮ ಫ್ರೆಂಡ್' ಎಂದೇ ಕರೆಯುತ್ತಿದ್ದಳು. ಆ ಎರಡು ಪದಗಳನ್ನು ಉಚ್ಚರಿಸುವಾಗ ಅವಳ ದನಿ ತುಸು ತಣ್ಣಗಾಗುತ್ತಿತ್ತು. ನಾನು ಕೇಳಿಸಿಕೊಳ್ಳದವನಂತೆ ಚಹಾ ಮಾಡಲು ಎದ್ದುಹೋಗುತ್ತಿದ್ದೆ.

ಒಂದು ಭಾನುವಾರ ಬಂದವಳೇ ನಮ್ಮ ಫೋಟೋಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಹರಡಿಕೊಂಡು ಕೂತಳು. ಒಂದರಲ್ಲಿ ನನಗೂ ಐಸೆಲ್‌ಗೂ ನಡುವೆ ಕಲ್ಲಂಗಡಿ ಮಾರುವವನೊಬ್ಬ ಹಲ್ಲು ಕಿರಿದು ನಿಂತಿದ್ದ. ಇನ್ನೊಂದರಲ್ಲಿ ನಾವಿಬ್ಬರೂ ಒಂದು ಆಲಿವ್ ಮರವನ್ನು ಮಧ್ಯೆ ಬಿಟ್ಟುಕೊಂಡು, ಗಡಿ ಕಾಯುವ ಎರಡು ದೇಶಗಳ ಸೈನಿಕರಂತೆ ನಿಂತಿದ್ದೆವು.

"ಅಪ್ಪಾ, ಇದರಲ್ಲಿ ನೀವು ಆ ಹಣ್ಣಿನವನನ್ನು ಪ್ರೀತಿಸುತ್ತಿರೋ ಹಾಗೆ ಕಾಣುತ್ತೆ," ಎಂದಳು ಮೇಘಾ ಇಂಗ್ಲಿಷಿನಲ್ಲಿ. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆಯೇ, ತುಂಬ ದಿನಗಳಿಂದ ತಡೆಹಿಡಿದಿದ್ದಿರಬೇಕು, ಕೇಳಿದಳು: "ಇಷ್ಟೆಲ್ಲ ಯಾಕೆ? ಮದುವೆಯಾಗಿಬಿಡಬಹುದಲ್ಲ?"

"ನಾನು ಕೇಳಿದ್ದೆ," ಎಂದೆ.

"ಏನಂದ್ರು?"

"'ನಾನು ಒಮ್ಮೆ ಮದುವೆಯಾಗಿದ್ದೆ, ಅದು ಚೆನ್ನಾಗಿತ್ತು. ನಿಮ್ಮದೂ ಚೆನ್ನಾಗಿತ್ತಂತಲ್ಲ. ಅವೆರಡನ್ನೂ ಹಾಗೇ ಇರಗೊಡೋಣ, ನಾವು ಬೇರೆ ಏನಾದರೂ ಆಗೋಣ' ಅಂದಳು."

ಗೋಡೆಯ ಮೇಲಿದ್ದ ಶೈಲಾಳ ಚಿತ್ರದ ಕಡೆ ಮೇಘಾಳೂ ನೋಡಲಿಲ್ಲ, ನಾನೂ ನೋಡಲಿಲ್ಲ. ಇಬ್ಬರೂ ನೋಡದೆ ಇರಲು ಪ್ರಯತ್ನಪಟ್ಟದ್ದು ಇಬ್ಬರಿಗೂ ಗೊತ್ತಾಯಿತು. ಆಮೇಲೆ ಅವಳು ಮೂಗೊರೆಸಿಕೊಂಡು, "ಅವರ ನಂಬರ್ ಕೊಡಿ," ಎಂದಳು.

ಅಲ್ಲಿಂದ ಮುಂದೆ ನನ್ನ ಪ್ರೇಮಪ್ರಕರಣದ ಆಡಳಿತ ನನ್ನ ಕೈತಪ್ಪಿತು. ಮಗಳು ದಿನಾ ಇಜ್ಮಿರ್‌ಗೆ ಫೋನು ಹಚ್ಚುತ್ತಿದ್ದಳು. ಇಲ್ಲೇ ನೆಲೆಸಿರುವ ನಮ್ಮೂರಿನ ಗೆಳೆಯ ಬಸವರಾಜನ ಮನೆಗೂ ಅವಳೇ ಕರೆದುಕೊಂಡು ಹೋದಳು, ನಮ್ಮ ಸಂಬಂಧ ನಿಜವೆಂದು ಅವರು ಬರೆದುಕೊಡಬೇಕಿತ್ತು. ನಾನು ಬೆವರುತ್ತ, ಹವಾಮಾನದಿಂದ ಆರಂಭಿಸಿ, ಕೌನ್ಸಿಲ್ ಟ್ಯಾಕ್ಸಿನ ಮೂಲಕ ಹಾದು, ವಿಷಯಕ್ಕೆ ಬರುವಷ್ಟರಲ್ಲಿ ಬಸವರಾಜನ ಹೆಂಡತಿ ಗಿರಿಜಾ ತಡೆದರು.

"ಅಣ್ಣಾರ, ಅಕಿ ನಿಮ್ಮ ಗೆಳತಿ ಅಂತ ನಮಗ ಯಾವಾಗೋ ಗೊತ್ತದರೀ. ನೀವು ಇಸ್ತ್ರಿ ಅಂಗಿ ಹಾಕ್ಕೊಂಡು ಕಾಯಿಪಲ್ಲೆ ತರಾಕ ಹೋಗಾಕ ಹತ್ತಿದಾಗನ ಗೊತ್ತಾತು," ಎಂದು ಅವರು ನಕ್ಕ ನಗೆಗೆ ಬಸವರಾಜನ ತಟ್ಟೆಯ ಚುರುಮುರಿ ಚೆಲ್ಲಿತು. ವರ್ಷಗಳ ಕಾಲ ನಾನು ಗುಪ್ತವೆಂದು ಭಾವಿಸಿ ಕಾಪಾಡಿಕೊಂಡು ಬಂದದ್ದು ಸುಪ್ತವೂ ಆಗಿರಲಿಲ್ಲ!

ಉಳಿದದ್ದು ವೀಸಾಕ್ಕೆ ಬೇಕಾದ ಐಸೆಲ್‌ಳ ಇಂಗ್ಲಿಷ್ ಪರೀಕ್ಷೆ. ಇಂಗ್ಲಿಷ್ ಅವಳಿಗೆ ಕಷ್ಟ. ಕನ್ನಡ ಮಾತ್ರ ಸರಾಗ. ಆಶ್ಚರ್ಯಪಡಬೇಡಿ. ಮನೆಗೆ, ಮನೆಯಿಂದ, ಮನೆಯಲ್ಲಿ ಎಂದು ನಾವು ಬಾಲ ಅಂಟಿಸಿದ ಹಾಗೆಯೇ ತುರ್ಕಿಯವರೂ ಅಂಟಿಸುತ್ತಾರೆ, ನಮ್ಮಂತೆಯೇ ಕ್ರಿಯಾಪದವನ್ನು ಕೊನೆಗೆ ಇಡುತ್ತಾರೆ. ಇಲ್ಲಿಗೆ ಬಂದಾಗಲೆಲ್ಲ, ಬರೀ ನನ್ನ ಪರಿಚಯದವಳೆಂಬ ಹೆಸರಿನಲ್ಲಿ, ಗಿರಿಜಾರ ಅಡುಗೆಮನೆಯಲ್ಲಿ ಕೂತು ಅವಳು ಧಾರವಾಡದ ಕನ್ನಡವನ್ನು ಹಪ್ಪಳದಷ್ಟೇ ಸಲೀಸಾಗಿ ಮುರಿದು ತಿನ್ನುತ್ತಿದ್ದಳು.

ಪರೀಕ್ಷೆ ಮುಗಿದ ಮಧ್ಯಾಹ್ನ ಐಸೆಲ್ ಫೋನು ಮಾಡಿದಳು. ಸಂಗಾತಿಯ ಬಗ್ಗೆ ಹೇಳಿ ಎಂದು ಪರೀಕ್ಷಕ ಕೇಳಿದನಂತೆ. ಇವಳು ಧೈರ್ಯವಾಗಿ, "ಅವರ ಹೆಸರು ರೀ, ಅವರು ಡಾಕ್ಟರು," ಎಂದಳಂತೆ.

"ರೀ ಅಂದ್ಯಾ?" ಎಂದು ಚೀರಿದೆ.

"ಹೌದು. ಗಿರಿಜಾ ತಮ್ಮ ಗಂಡನನ್ನು ಹಾಗೇ ಕರೀತಾರಲ್ಲ. ಪ್ರೀತಿಯ ಹೆಸರು ಅಲ್ಲವಾ ಅದು?"

ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಚನ್ನವೀರಪ್ಪ ಎಂದು ಒಂದು ಸಾಲು ಉದ್ದಕ್ಕೆ ಇದೆ. ಅವಳಿಗೆ ಇಬ್ಬರು ಗಂಡಸರಿದ್ದಾರೆಂದು ಅಧಿಕಾರಿಗಳು ತಿಳಿದರೆ? ಆತಂಕದಿಂದ ಮೇಘಾಳಿಗೆ ಹೇಳಿದೆ. ಅವಳು ಸಾಂತ್ವನ ಹೇಳುವ ಬದಲು ಫೋನಿನಲ್ಲಿ ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕಳು. ಅಮ್ಮ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ. ಪರೀಕ್ಷೆಯಲ್ಲಿ ಐಸೆಲ್ ತೇರ್ಗಡೆಯಾದಳು. ರೀ ಯಾರೆಂದು ಯಾರೂ ವಿಚಾರಿಸಲಿಲ್ಲ.

ಅರ್ಜಿ ಹೋಯಿತು, ಕಾಯುವಿಕೆ ಬಂತು. ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಅವಳ ಕರೆ ಬಂತು. "ಬಂತೂ! ನಾನು ಮನೆಗೆ ಬರ್ತೀನಿ!" ಅಷ್ಟು ದಿನ ಅವಳು 'ನಿಮ್ಮ ಮನೆಗೆ' ಎನ್ನುತ್ತಿದ್ದಳು. ಉದುರಿಹೋದ ಆ ಒಂದು ಪದದ ಜಾಗದಲ್ಲಿ ನನಗೆ ಏನೇನೋ ತುಂಬಿಕೊಂಡು, ಎದ್ದು ನಿಂತು, ಪಕ್ಕದ ಸೀಟಿನ ಅಜ್ಜಿಗೆ ಸುದ್ದಿಯನ್ನು ಅಚ್ಚ ಕನ್ನಡದಲ್ಲಿ ತಿಳಿಸಿದೆ. ತಪ್ಪಿನ ಅರಿವಾಗಿ ಮತ್ತೆ ಇಂಗ್ಲಿಷಿನಲ್ಲಿ ಹೇಳಿದೆ. "ಓ, ವೆಲ್ ಡನ್, ಬ್ಯಾಬ್!" ಎಂದು ಆಕೆ ನನ್ನ ಮೊಣಕೈ ತಟ್ಟಿದಳು. ಈ ಊರಿನಲ್ಲಿ ಬೆಣ್ಣೆ ಕೊಳ್ಳಲು ಬಂದವರೂ ಬ್ಯಾಬ್‌ಗಳೇ, ಅಂದರೆ ಮುದ್ದು ಮರಿಗಳೇ, ಆದರೆ ಆ ದಿನ ನಾನು ಆ ಬಿರುದಿಗೆ ಅರ್ಹನೆನಿಸಿತು. ಇಳಿಯಬೇಕಾದ ಸ್ಟಾಪು ಹಿಂದೆಯೇ ಉಳಿದುಹೋಗಿತ್ತು.

ಅವಳು ಬರುವ ದಿನ ಏರ್‌ಪೋರ್ಟಿಗೆ ತಾನೂ ಬರುವೆನೆಂದು ಮೇಘಾ ಹಟ ಹಿಡಿದು ರೈಲಿನಲ್ಲಿ ಬಂದಿಳಿದಳು. ಫೋನಿನಲ್ಲಿ ಎಷ್ಟು ಮಾತಾಡಿದ್ದರೂ ಅವರಿಬ್ಬರು ಎದುರುಬದುರು ನಿಂತಿರಲಿಲ್ಲ. ಐಸೆಲ್ ಹಿಂದೆ ಬಂದಾಗಲೆಲ್ಲ ಮೇಘಾಳಿಗೆ ಏನೋ ತುರ್ತು ಕೆಲಸವಿರುತ್ತಿತ್ತು. ಬಾಗಿಲು ತೆರೆದು ಐಸೆಲ್ ಕಾಣಿಸಿಕೊಂಡಳು. ನಾನು ಕಲಿತಿಟ್ಟುಕೊಂಡಿದ್ದ ಸ್ವಾಗತದ ತುರ್ಕಿ ವಾಕ್ಯವನ್ನು ಆರಂಭಿಸಿದೆ. ಅವಳು ನನ್ನನ್ನು ದಾಟಿಕೊಂಡು ಮಗಳ ಮುಂದೆ ನಿಂತಳು.

"ಊಟ ಆತೇನವಾ?" ಎಂದಳು.

ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುತ್ತ ಬೆಳೆದ ನನ್ನ ಮಗಳು ಒಂದೊಂದೇ ಪದವನ್ನು ಹುಡುಕಿ ತೆಗೆಯುತ್ತ, "ಇನ್ನೂ ಇಲ್ಲ. ನಿಮಗೆ ಕಾಯ್ತಾ ಇದ್ದೆ," ಎಂದಳು.

ಐಸೆಲ್ ಅವಳ ತೋಳು ಹಿಡಿದುಕೊಂಡಳು. ಇಬ್ಬರೂ ಏನು ತಿನ್ನುವುದೆಂದು ಮೂರು ಭಾಷೆಗಳಲ್ಲಿ ಚರ್ಚಿಸುತ್ತ ನಡೆದೇ ಬಿಟ್ಟರು. ಕಾರು ನಿಲ್ಲಿಸಿದ್ದು ಎಡಕ್ಕೆ. ಅವರು ಹೊರಟಿದ್ದು ಬಲಕ್ಕೆ. ಕೂಗಿ ಕರೆಯಬಹುದಿತ್ತು, ಕರೆಯಲಿಲ್ಲ. ಸೂಟ್‌ಕೇಸುಗಳನ್ನು ಹೇರಿದ ಟ್ರಾಲಿಯನ್ನು ತಳ್ಳುತ್ತ ಅವರ ಹಿಂದೆ ಬಲಕ್ಕೇ ಹೋದೆ.