ಪಕ್ಕದಲ್ಲಿ ಕೂರುವವಳು

ಆ ಆಸ್ಪತ್ರೆಯಲ್ಲಿ ವೈದ್ಯರಿದ್ದರು, ನರ್ಸುಗಳಿದ್ದರು, ನೆಲ ಒರೆಸುವವರಿದ್ದರು. ಇವರ ಜೊತೆಗೆ, ಸಂಬಳದ ಪಟ್ಟಿಯಲ್ಲಿ ಎಲ್ಲೂ ಇಲ್ಲದ ಒಂದಷ್ಟು ಹೆಂಗಸರೂ ಇದ್ದರು. ಹಾಸಿಗೆ ಹಿಡಿದವರ ಪಕ್ಕದಲ್ಲಿ ಕೂರುವುದು ಅವರ ಕೆಲಸ. ಮಗನಿಗೆ ಅಂಗಡಿ ಬಿಟ್ಟು ಬರಲಾಗುವುದಿಲ್ಲ, ಸೊಸೆಯ ಕೈಯಲ್ಲಿ ಎಳೆಗೂಸು, ಮಗಳಿರುವುದು ದೂರದಲ್ಲಿ. ಅಂಥ ಮನೆಯವರು ಬಂದು ಇವರಲ್ಲೊಬ್ಬಳನ್ನು ಗೊತ್ತುಮಾಡಿ ಹೋಗುತ್ತಿದ್ದರು. ಆ ಹೆಂಗಸರಲ್ಲಿ ಎಲ್ಲರಿಗಿಂತ ಹಳಬಳಿಗೆ ನರ್ಸುಗಳು ಇಟ್ಟ ಹೆಸರು ಪಕ್ಕದಮ್ಮ.

ಪಕ್ಕದಮ್ಮ ಒರಗು ಇಲ್ಲದ ಸ್ಟೂಲಿನ ಮೇಲೆಯೇ ಕೂರುತ್ತಿದ್ದಳು. ಒರಗಿದರೆ ಕಣ್ಣು ಹತ್ತುತ್ತದೆ, ಕಣ್ಣು ಹತ್ತಿದಾಗಲೇ ಇವರು ಹೊರಟುಬಿಡುತ್ತಾರೆ ಎನ್ನುವಳು. ಉಗುರುಗಳನ್ನು ಬುಡದವರೆಗೆ ಕತ್ತರಿಸಿಕೊಂಡಿರುತ್ತಿದ್ದಳು. ಮಗ್ಗುಲು ಬದಲಿಸುವಾಗ ರೋಗಿಯ ಭುಜದ ಕೆಳಗೆ ಅವಳ ಕೈ ಹೋಗುವುದು, ನಿದ್ದೆಯಲ್ಲಿರುವ ಮಗುವಿನ ಕೆಳಗಿಂದ ಬಟ್ಟೆ ಎಳೆದಷ್ಟು ಮೆತ್ತಗೆ. ಎಷ್ಟೋ ಮಂದಿ ಅವಳ ಎದುರಿಗೇ ಹೋದರು. ಮನೆಯವರು ಬಂದು ಅಳುವ ಹೊತ್ತಿಗೆ ಅವಳು ತನ್ನ ಸ್ಟೂಲು ಎತ್ತಿಕೊಂಡು ಗೋಡೆಯ ಕಡೆ ಸರಿದಿರುತ್ತಿದ್ದಳು.

ಅವಳಿಗಿದ್ದವಳು ಒಬ್ಬಳೇ ಒಬ್ಬಳು ಅಕ್ಕ. ತಾಯಿ ಸತ್ತಾಗ ಪಕ್ಕದಮ್ಮ ಅಂಬೆಗಾಲಿಡುತ್ತಿದ್ದಳು. ಸಾಕಿದ್ದು ಅಕ್ಕನೇ, ಅವಳೇ ಇನ್ನೂ ಲಂಗ ತೊಡುವ ಹುಡುಗಿಯಾಗಿದ್ದಾಗ. ಮದುವೆಯಾಗಿ ದೂರದ ಶಹರಿಗೆ ಹೋಗುವಾಗಲೂ ಅಕ್ಕ ತಂಗಿಯನ್ನು ಸೊಂಟದ ಮೇಲೆಯೇ ಹೊತ್ತುಕೊಂಡು ಹೋದಳು. ಆಮೇಲೆ ಪಕ್ಕದಮ್ಮನಿಗೂ ಮದುವೆಯಾಯಿತು, ಗಂಡನ ಹಿಂದೆ ಈ ಊರಿಗೆ ಬಂದಳು. ಗಂಡ ಬೇರೆ ದಾರಿ ಹಿಡಿದ. ಅವಳು ಇಲ್ಲೇ ಉಳಿದಳು. ಅಕ್ಕತಂಗಿಯರ ಮಧ್ಯೆ ಎರಡು ರಾತ್ರಿಯ ರೈಲುದಾರಿ ಉಳಿಯಿತು, ಜೊತೆಗೆ ವಾರಕ್ಕೊಂದು ಫೋನು.

"ಕಂಡೋರ ಪಕ್ಕ ಕೂತು ಕೂತು ನಿನ್ನ ಕೈ ಪಳಗಿದೆ" ಎಂದು ಅಕ್ಕ ಒಮ್ಮೆ ಹೇಳಿದ್ದಳು. "ನನ್ನ ಸರದಿ ಬಂದಾಗ ಯಾರೋ ಮುಖ ನೋಡದೋಳನ್ನ ತಂದು ಕೂರಿಸಬೇಡ ಕಣೇ. ನೀನೇ ಬರಬೇಕು."

"ನನ್ನ ರೇಟು ಜಾಸ್ತಿ ಅಕ್ಕ."

"ನಿನ್ನ ಸಾಕಿದ್ದಕ್ಕೆ ವಜಾ ಮಾಡ್ಕೋ."

ಇಬ್ಬರೂ ನಕ್ಕಿದ್ದರು. ಆದರೆ ಫೋನು ಇಡುವ ಮೊದಲು ಪಕ್ಕದಮ್ಮ, "ಬರ್ತೀನಿ. ನಿನ್ನಾಣೆ" ಎಂದಿದ್ದಳು. ಅವಳು ಆಣೆ ಇಡುವವಳಲ್ಲ.

ಆ ಸರದಿ ಬಂತು. ಒಂದು ಬೆಳಿಗ್ಗೆ, ರೋಗಿಯೊಬ್ಬರ ಬಾಯಿ ಒರೆಸುತ್ತಿದ್ದಾಗ ಅಕ್ಕನ ಮಗಳ ಫೋನು.

"ಚಿಕ್ಕಮ್ಮ, ಅಮ್ಮ ಏನೂ ನುಂಗ್ತಿಲ್ಲ. ಡಾಕ್ಟ್ರು ಮನೆಗೆ ಕರ್ಕೊಂಡು ಹೋಗಿ ಅಂದ್ಬಿಟ್ರು."

"ಪಾದ ಮುಟ್ಟಿ ನೋಡು ಪುಟ್ಟಿ. ತಣ್ಣಗಿದೆಯಾ?"

"ಹೂಂ."

"ಮೊಣಕಾಲು?"

"ಬೆಚ್ಚಗಿದೆ."

"ಉಸಿರು ನಿಂತು ನಿಂತು ಬರ್ತಿದೆಯಾ?"

"ಒಂದೊಂದ್ಸಲ."

ಪಕ್ಕದಮ್ಮ ಬಟ್ಟೆಯನ್ನು ಬಟ್ಟಲಿನಲ್ಲಿ ಅದ್ದಿ ಹಿಂಡಿದಳು. ಈ ರಾತ್ರಿ ದಾಟುತ್ತದೆ, ನಾಳೆಯದು ಹೇಳಲಾಗದು ಎಂದು ಅವಳ ಅಂದಾಜು. ರೈಲಿನಲ್ಲಿ ಹೋದರೆ ಅಕ್ಕನಿಲ್ಲದ ಬರೀ ಗೋಡೆ ನೋಡಬೇಕು. ಅಕ್ಕನ ಅಳಿಯ ಒಳ್ಳೆಯವನು; ಸಂಜೆಯ ವಿಮಾನಕ್ಕೆ ಟಿಕೆಟ್ಟು ಮಾಡಿ ಫೋನಿಗೇ ಕಳಿಸಿದ. ಆಮೇಲೆ ಫೋನು ಮಾಡಿ ಒಂದು ಮಾತು ಹೇಳಿದ: ಫೋಟೋ ಇರೋ ಗುರುತಿನ ಕಾರ್ಡು ಇಟ್ಕೊಳ್ಳಿ ಚಿಕ್ಕಮ್ಮ, ನಕಲು ನಡೆಯಲ್ಲ.

ಕಾರ್ಡು ಪಕ್ಕದಮ್ಮನ ಹತ್ತಿರ ಇರಲಿಲ್ಲ. ಆಸ್ಪತ್ರೆಯ ಹಿಂಬಾಗಿಲಿನ ಕಾವಲುಗಾರನ ಡಬ್ಬದಲ್ಲಿತ್ತು.

ಅದು ಕೂರುವವರೇ ಮಾಡಿಕೊಂಡ ಏರ್ಪಾಡು. ಒಳಗೆ ಹೋಗುವ ಪಾಸು ಬೇಕಾದರೆ ಫೋಟೋ ಇರುವ ಕಾರ್ಡನ್ನು ಬಾಗಿಲಲ್ಲಿ ಕೊಡಬೇಕು, ಪಾಸು ಹಿಂದಿರುಗಿಸಿದಾಗ ಕಾರ್ಡು ವಾಪಸು. ಹಾಗೆ ದಿನಾ ಕೊಟ್ಟು ಬಿಡಿಸಿಕೊಳ್ಳುತ್ತ ನಿಂತರೆ ಸಾಲಿನಲ್ಲೇ ಕಾಲು ಬಿದ್ದುಹೋಗುತ್ತದೆ. ಅದಕ್ಕೆ ಒಬ್ಬಳು ಕಾರ್ಡನ್ನು ಡಬ್ಬದಲ್ಲೇ ಬಿಟ್ಟುಬಿಡುವುದು. ಅದರ ಮೇಲೆ ಸಿಕ್ಕ ಪಾಸನ್ನು ಹಗಲಿನವಳು ರಾತ್ರಿಯವಳಿಗೆ, ರಾತ್ರಿಯವಳು ಹಗಲಿನವಳಿಗೆ ದಾಟಿಸುವುದು. ಪಾಸಿನಲ್ಲಿ ಫೋಟೋ ಇಲ್ಲ, ಮಹಡಿಯ ನಂಬರು ಮಾತ್ರ. ಪಕ್ಕದಮ್ಮನಿಗೆ ಕಾರ್ಡು ಕೇಳುವವರು ಬೇರೆ ಯಾರೂ ಇರಲಿಲ್ಲ, ಹಾಗಾಗಿ ಅವಳ ಮಹಡಿಯ ಪಾಳಿಯವರ ಪರವಾಗಿ ಡಬ್ಬದೊಳಗಿದ್ದದ್ದು ಅವಳದೇ. "ನಮ್ಮ ಪಾಪಕ್ಕೆ ಪಕ್ಕದಮ್ಮ ಜೈಲಲ್ಲಿದ್ದಾಳೆ" ಎಂದು ರಾತ್ರಿ ಪಾಳಿಯ ಉದ್ದಮ್ಮ ನಗಿಸುತ್ತಿದ್ದಳು.

ಬಾಗಿಲಲ್ಲಿ ಈಗ ಹೊಸ ಕಂಪನಿಯ ಕಾವಲುಗಾರ. ಅವನು ಡಬ್ಬ ತೆರೆದು ತೋರಿಸಿದ. ತಳ ಕಾಣುತ್ತಿತ್ತು.

"ಹಳೇವೆಲ್ಲ ತೆಗೆದ್ವಿ ಅಮ್ಮ. ಯಾರೂ ಕೇಳ್ಕೊಂಡು ಬರಲಿಲ್ಲ. ಆಫೀಸಿನೋರು ಕತ್ತರಿಸಿ ಹಾಕಿಬಿಟ್ರು."

"ಕೇಳಬೇಕು ಅಂತ ಯಾರಪ್ಪಾ ಹೇಳಿದ್ರು?"

"ನೋಟೀಸು ಅಂಟಿಸಿದ್ವಲ್ಲ, ಮುಂಬಾಗಿಲಲ್ಲಿ."

ಕೂರುವವರಿಗೆ ಮುಂಬಾಗಿಲಲ್ಲಿ ಪ್ರವೇಶವಿರಲಿಲ್ಲ. ಪಕ್ಕದಮ್ಮ ಡಬ್ಬದೊಳಗೆ ಕೈಯಾಡಿಸಿದಳು, ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗಬಹುದು ಎನ್ನುವ ಹಾಗೆ. ಪಾಳಿ ಮುಗಿಸಿ ಹೊರಡುತ್ತಿದ್ದ ಉದ್ದಮ್ಮ ಸುದ್ದಿ ಕೇಳಿ ಓಡಿಬಂದು ಕಾವಲುಗಾರನ ಅಂಗಿ ಹಿಡಿಯಲು ಹೋದಳು. ಪಕ್ಕದಮ್ಮ ಅವಳ ಕೈ ಬಿಡಿಸಿ, "ಅವನೇನು ಮಾಡ್ತಾನೆ. ಹನ್ನೊಂದನೇ ಹಾಸಿಗೆಯೋರು ಒದ್ದೆ ಮಾಡ್ಕೊಂಡಿರ್ತಾರೆ, ನೋಡ್ಕೋ ಹೋಗು" ಎಂದು ಕಳಿಸಿ ಪೊಲೀಸ್ ಠಾಣೆಯ ಕಡೆ ನಡೆದಳು. ಕಾರ್ಡು ಕಳೆದವರಿಗೆ ಅಲ್ಲಿ ಒಂದು ಸ್ಲಿಪ್ಪು ಕೊಡುತ್ತಾರೆ ಎಂದು ಅದೇ ಕಾವಲುಗಾರ ಹೇಳಿದ್ದ.

"ಎಲ್ಲಿ ಕಳೀತು?" ಠಾಣೆಯ ಬರಹಗಾರ ಕೇಳಿದ.

"ಕಳೀಲಿಲ್ಲ ಸಾರ್. ಆಸ್ಪತ್ರೆಯೋರು ಕತ್ತರಿಸಿದ್ರು."

ಅವನು ಪೆನ್ನು ಕೆಳಗಿಟ್ಟ. "ಕತ್ತರಿಸಿದ್ರು ಅಂದ್ರೆ ಅದು ಆಸ್ಪತ್ರೆ ಮೇಲೆ ದೂರು. ಸಾಹೇಬರು ಬರಬೇಕು, ವಿಚಾರಣೆ ಆಗಬೇಕು. ಕಳೀತು ಅಂದ್ರೆ ಈಗಲೇ ಸ್ಲಿಪ್ಪು. ಯಾವುದು ಬೇಕು ನೋಡಿ."

"ಸ್ಲಿಪ್ಪೇ ಕೊಡಿ."

"ಎಲ್ಲಿ ಕಳೀತು?"

"ಬಸ್ಸಲ್ಲಿ."

"ಹುಷಾರಾಗಿರಬೇಕಲ್ವಾ ಅಮ್ಮ" ಎಂದು ಅವನು ಬುದ್ಧಿ ಹೇಳುತ್ತ ಮೊಹರು ಒತ್ತಿದ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಬಂದೂಕು ಹೊತ್ತ ಹುಡುಗ ಆ ಸ್ಲಿಪ್ಪನ್ನು ಮೇಲಿಂದ ಕೆಳಗೆ ಓದಿ ಹಿಂದಿರುಗಿಸಿದ. ಇದರಲ್ಲಿ ಮುಖ ಇಲ್ಲ ಎಂದ. ಅವಳು ನಿಂತಲ್ಲೇ ನಿಂತಳು. ಹಿಂದಿನವರು ಪೆಟ್ಟಿಗೆಗಳನ್ನು ಅವಳ ಸುತ್ತ ಬಳಸಿ ಎಳೆದುಕೊಂಡು ಹೋದರು. ವಿಮಾನ ಕಂಪನಿಯ ಹುಡುಗಿಯೊಬ್ಬಳು ಟಿಕೆಟ್ಟು ನೋಡಿ, ಗಡಿಯಾರ ನೋಡಿ, "ಬನ್ನಿ ಅಮ್ಮಾ, ಒಳಗೆ ಅಧಿಕಾರಿ ಇದ್ದಾರೆ, ಅವರು ಒಪ್ಪಿದ್ರೆ ಆಯ್ತು" ಎಂದು ಪಕ್ಕದ ಬಾಗಿಲಿಂದ ಕರೆದುಕೊಂಡು ಹೋದಳು.

ಅದು ಒಂದು ಮೇಜು, ಎರಡು ಕುರ್ಚಿ ಹಿಡಿಸುವ ಕೋಣೆ. ಅಧಿಕಾರಿ ನಡುವಯಸ್ಸಿನ ಹೆಂಗಸು. ಓದುವ ಕನ್ನಡಕದ ಮೇಲಿಂದ ನೋಡುವವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ಕಳೆದ ಕಾರ್ಡಿನ ವಿವರ ತೆರೆದಳು, ಪರದೆಯನ್ನು ಸ್ವಲ್ಪ ತಿರುಗಿಸಿದಳು. ದುಂಡು ಕೆನ್ನೆಯ, ದಟ್ಟ ಕೂದಲಿನ ಒಬ್ಬಳು ಅಲ್ಲಿಂದ ಗಾಬರಿಯಲ್ಲಿ ನೋಡುತ್ತಿದ್ದಳು.

"ಇದು ನೀವಾ?"

"ಆಗ ನಾನೇ ಮೇಡಂ."

ಅಧಿಕಾರಿ ನಗಲಿಲ್ಲ. "ಮುಖ ಹೊಂದ್ತಿಲ್ಲ. ಪ್ರಶ್ನೆ ಕೇಳ್ತೀನಿ. ಇಲ್ಲಿರೋದಕ್ಕೆ ಸರಿಹೋಗಬೇಕು. ತಂದೆ ಹೆಸರು?"

ಹೇಳಿದಳು.

"ಕಾರ್ಡು ಮಾಡಿಸಿದಾಗ ಇದ್ದ ಮನೆ?"

"ಅಕ್ಕನ ಮನೆ. ಟೈರಿನ ಅಂಗಡಿ ಹಿಂದೆ." ಬೀದಿಯನ್ನೂ ಹೇಳಿದಳು.

"ಹುಟ್ಟಿದ ದಿನ?"

ಪಕ್ಕದಮ್ಮನ ಹುಟ್ಟಿದ ದಿನ ಯಾರಿಗೂ ತಿಳಿದಿರಲಿಲ್ಲ. ತಿಳಿದಿದ್ದ ತಾಯಿ ಹೇಳದೆ ಹೋಗಿದ್ದಳು. ಕಾರ್ಡು ಬರೆಯುವವರು ಬಂದ ದಿನ ಅಕ್ಕ ಮುಂದೆ ನಿಂತು ಏನೋ ಒಂದು ಬರೆಸಿದ್ದಳು. ಪಕ್ಕದಮ್ಮನಿಗೆ ಓದು ಬರುತ್ತಿರಲಿಲ್ಲ, ಕಾರ್ಡಿನಲ್ಲಿ ಏನಿದೆ ಎಂದು ಯಾರನ್ನೂ ಕೇಳಿರಲಿಲ್ಲ.

"ಅದು ಅಕ್ಕಂಗೆ ಗೊತ್ತು ಮೇಡಂ."

"ಅಕ್ಕನ್ನ ಕೇಳೋಣ. ನಂಬರು ಕೊಡಿ. ನೀವು ಮಾತಾಡಬಾರದು."

"ಅವಳು ಮಾತಾಡಲ್ಲ ಈಗ. ಅವಳನ್ನ ನೋಡೋಕೇ ಹೋಗ್ತಿರೋದು."

ಅಧಿಕಾರಿ ಮೇಜಿನ ಫೋನಿನಲ್ಲಿ ಪಕ್ಕದಮ್ಮ ತೋರಿಸಿದ ನಂಬರು ಒತ್ತಿ ಸ್ಪೀಕರು ಹಾಕಿದಳು. ಅಕ್ಕನ ಮಗಳು ಎತ್ತಿಕೊಂಡಳು. ಅಧಿಕಾರಿ ತಾನು ಯಾರು, ಏಕೆ ಕೇಳುತ್ತಿದ್ದೇನೆ ಎಂದು ಹೇಳಿ, "ನಿಮ್ಮ ಚಿಕ್ಕಮ್ಮನ ಹುಟ್ಟಿದ ದಿನ ಕಾರ್ಡಲ್ಲಿ ಏನಂತ ಬರೆಸಿದ್ದಾರೆ, ಗೊತ್ತಾ?" ಎಂದಳು.

"ಗೊತ್ತು. ಅದು ನಂದು."

"ನಿಮ್ಮದು ಅಂದ್ರೆ?"

"ನನ್ನ ಹುಟ್ಟಿದ ದಿನ, ತಿಂಗಳು. ವರ್ಷ ಮಾತ್ರ ಬೇರೆ. ಆವತ್ತು ಅವರು ಕೇಳಿದಾಗ ಅಮ್ಮಂಗೆ ಗೊತ್ತಿರಲಿಲ್ಲ, ನಂದೇ ಹೇಳಿಬಿಟ್ಲು. ಆಮೇಲೆ ನಾನು ಜಗಳ ಆಡಿದ್ದೆ, ನಂದ್ಯಾಕೆ ಕೊಟ್ಟೆ ಅಂತ. ಅವಳೂ ನನ್ನ ಮಗಳೇ, ಇಬ್ಬರಿಗೂ ಒಂದೇ ದಿನ ಸಾಕು ಅಂದಿದ್ಲು." ಅಕ್ಕನ ಮಗಳು ದಿನ ಹೇಳಿದಳು, ತಿಂಗಳು ಹೇಳಿದಳು.

ಅಧಿಕಾರಿ ಪರದೆಯ ಕಡೆ ನೋಡಿ ತಲೆಯಾಡಿಸಿ ಮೊಹರಿಗೆ ಕೈಹಾಕಿದಳು. ಪಕ್ಕದಮ್ಮ ಅದನ್ನು ನೋಡಲಿಲ್ಲ. ಅಕ್ಕನ ಮಗಳ ಮಾತಿನ ಹಿಂದೆ ಅಕ್ಕನ ಉಸಿರಿನ ಸದ್ದಿತ್ತು. ಒದ್ದೆ ಗೋಣಿಯನ್ನು ನೆಲದ ಮೇಲೆ ಎಳೆದು ನಿಲ್ಲಿಸಿದಂತೆ. ತುಂಬ ಹೊತ್ತಿನ ಮೇಲೆ ಮತ್ತೆ ಎಳೆದಂತೆ. ಕಂಡವರಿಗೆ ಅಂದಾಜು ಕಟ್ಟುವಾಗ ತಪ್ಪದಿದ್ದವಳು ಅಕ್ಕನಿಗೆ ಒಂದು ರಾತ್ರಿಯನ್ನು ಹೆಚ್ಚಿಗೆ ಕೊಟ್ಟುಬಿಟ್ಟಿದ್ದಳು.

"ಆಯ್ತು, ಓಡಿ" ಎಂದು ಅಧಿಕಾರಿ ಚೀಟಿ ಚಾಚಿದಳು. "ಬಾಗಿಲು ಮುಚ್ತಾರೆ. ಈ ಹುಡುಗಿ ಜೊತೆ ಹೋಗಿ."

"ವಿಮಾನದಲ್ಲಿ ಫೋನು ಮಾಡಬಹುದಾ ಮೇಡಂ?"

"ಇಲ್ಲ, ಆಫ್ ಮಾಡಿಸ್ತಾರೆ."

"ಎಷ್ಟು ಹೊತ್ತು?"

"ಮೂರು ಗಂಟೆ ಹತ್ತಿರ."

ಪಕ್ಕದಮ್ಮ ಬಾಗಿಲಲ್ಲಿ ಕಾಯುತ್ತಿದ್ದ ಹುಡುಗಿಯನ್ನು ನೋಡಿದಳು, ಫೋನನ್ನು ನೋಡಿದಳು. ಕುರ್ಚಿಯ ತುದಿಗೆ ಸರಿದು, ಬೆನ್ನು ನೆಟ್ಟಗೆ ಮಾಡಿ ಕೂತಳು.

"ಹಾಗಾದ್ರೆ ಬೇಡ. ಈ ಫೋನು ಸ್ವಲ್ಪ ಹೊತ್ತು ನನಗೆ ಬಿಡಿ."

"ಅಮ್ಮಾ, ಇದು ಬಿಟ್ರೆ ನಾಳೇನೇ."

"ನಾಳೆ ಹೋಗೋಕೆ ಏನಿರಲ್ಲ ಮೇಡಂ."

ಅಧಿಕಾರಿ ಸ್ಪೀಕರು ಆರಿಸಿ ರಿಸೀವರನ್ನು ಅವಳ ಕೈಗೆ ಕೊಟ್ಟಳು. ಹುಡುಗಿಯನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

"ಪುಟ್ಟಿ, ಫೋನು ಅಮ್ಮನ ಕಿವಿ ಹತ್ತಿರ ಇಡು. ಬಲಗಿವಿ. ಎಡಗಿವಿ ಮಂದ ಅವಳಿಗೆ. ತುಟಿ ಒದ್ದೆ ಮಾಡು, ಬಾಯೊಳಗೆ ಹಾಕಬೇಡ. ಅಳು ಬಂದ್ರೆ ಅಳು, ಆದ್ರೆ ಎದ್ದು ಹೋಗಬೇಡ." ಆಮೇಲೆ ಅವಳ ದನಿ ತಗ್ಗಿತು. "ಅಕ್ಕಾ. ನಾನು. ಬಂದಿದೀನಿ, ಪಕ್ಕದಲ್ಲೇ ಇದೀನಿ. ಕಣ್ಣು ತೆಗೀಬೇಡ, ಸುಮ್ನೆ ಕೇಳಿಸ್ಕೋ."

ಅವಳು ಹೇಳತೊಡಗಿದಳು. ಠಾಣೆಯವನು ಬುದ್ಧಿ ಹೇಳಿದ್ದು. ಹಳೆಯ ಫೋಟೋದಲ್ಲಿ ತನ್ನ ಕೆನ್ನೆ ಬನ್ನಿನ ಹಾಗಿದ್ದದ್ದು. "ಮಗಳದನ್ನ ನನಗೆ ಕೊಟ್ಟು ಒಂದು ಮಾತೂ ಹೇಳಲಿಲ್ಲ ನೋಡು ನೀನು. ಪ್ರತಿ ವರ್ಷ ಆ ದಿನ ನೀನು ಅವಳಿಗೆ ಹೊಸ ಬಟ್ಟೆ ತರ್ತಿದ್ದೆ, ನನಗೂ ಒಂದು ತರ್ತಿದ್ದೆ, ಚಿಕ್ಕಮ್ಮಂಗೆ ಇಲ್ಲದಿದ್ರೆ ಅವಳು ಅಳ್ತಾಳೆ ಅಂತ ನೆವ ಹೇಳಿ. ಅಳ್ತಿದ್ದೋಳು ಅವಳಲ್ಲ, ನೀನು ಅಂತ ಈಗ ಗೊತ್ತಾಯ್ತು." ರಿಸೀವರಿನಲ್ಲಿ ಗೋಣಿ ಎಳೆಯುವ ಸದ್ದು. ಅದು ನಿಂತಾಗ ಅವಳೂ ನಿಲ್ಲಿಸುವಳು, ಬಂದಾಗ ಮುಂದುವರಿಸುವಳು. ಕಿಟಕಿಯ ಗಾಜು ಅದುರಿತು. ಹೊರಗೆ ವಿಮಾನವೊಂದು ಮೇಲೇರಿತು. ಅಧಿಕಾರಿ ತಲೆಯೆತ್ತಿ ನೋಡಿದಳು. ಪಕ್ಕದಮ್ಮ ನೋಡಲಿಲ್ಲ.

ಬಹಳ ಹೊತ್ತಾಯಿತು.

"ಚಿಕ್ಕಮ್ಮ" ಎಂದಿತು ಆ ಕಡೆಯ ದನಿ. "ನಿಂತೋಯ್ತು."

"ಇರು. ಇನ್ನೊಂದು ಬರಬಹುದು."

ಬಂತು. ಸಣ್ಣದು. ಆಮೇಲೆ ಬರಲಿಲ್ಲ. ಇಬ್ಬರೂ ಕಾದರು. ಮೇಜಿನ ಆಚೆ ಅಧಿಕಾರಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು.

"ಚಿಕ್ಕಮ್ಮ, ಈಗ ನಾನು ಕೈ ಬಿಡ್ಲಾ?"

"ಬೇಡ ಪುಟ್ಟಿ. ಇನ್ನೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತೆ. ಅಲ್ಲೀವರೆಗೂ ಹಿಡ್ಕೊಂಡಿರು."

ಪಕ್ಕದಮ್ಮನೂ ರಿಸೀವರನ್ನು ಕೆಳಗಿಡಲಿಲ್ಲ.